ಹೊಸ ಪಿಕಪ್ ಅದುರುತ್ತೆ, ಗೇರ್ ಬೀಳಲ್ಲ: ‘ಓಡಿಸ್ತಾ ಸರಿಹೋಗುತ್ತೆ’ ಅನ್ನೋದನ್ನ ಎಲ್ಲಿವರೆಗೆ ನಂಬೋದು?

ಪಾವಗಡದ ಕಡೆಯಿಂದ ಹುಣಸೆಹಣ್ಣು ತುಂಬಿಕೊಂಡು ತುಮಕೂರಿಗೆ ಹೊರಟ ಒಂದು ಹೊಸ ಪಿಕಪ್ ಅಂತ ಇಟ್ಟುಕೊಳ್ಳಿ. ಗಾಡಿ ತಗೊಂಡು ಐದು ತಿಂಗಳಾಗಿದೆ, ಕಂತು ಇನ್ನೂ ನಾಲ್ಕು ವರ್ಷ ಇದೆ. ಖಾಲಿ ಇದ್ದಾಗ ಚೆನ್ನಾಗೇ ಓಡುತ್ತೆ. ಲೋಡ್ ಬಿದ್ದು ಸ್ಪೀಡ್ 60 ದಾಟಿತು ಅಂದ್ರೆ ಸೀಟಿನ ಕೆಳಗೆ ‘ಗುಂಯ್’ ಅಂತ ಅದುರು ಶುರುವಾಗುತ್ತೆ. ಏರು ಬಂತು ಅಂತ ಎರಡನೇ ಗೇರಿಗೆ ಇಳಿಸೋಕೆ ಹೋದ್ರೆ ಕರಕರ ಅನ್ನುತ್ತೆ.

ಮಾಲೀಕ ಒಂದು ದಿನದ ಬಾಡಿಗೆ ಬಿಟ್ಟು ಸರ್ವಿಸ್ ಸೆಂಟರಿಗೆ ಹೋಗ್ತಾನೆ. ಅಲ್ಲಿನವರು ಖಾಲಿ ಗಾಡೀನ ಒಂದು ರೌಂಡ್ ಓಡಿಸಿ ನೋಡ್ತಾರೆ. ‘ಏನೂ ಇಲ್ಲ ಅಣ್ಣ, ಹೊಸ ಗಾಡಿ ಅಲ್ವಾ, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ’ ಅಂದು ಕಳಿಸ್ತಾರೆ. ಪಾವಗಡದವನಿಗೆ ತುಮಕೂರಿಗೆ ಹೋಗಿ ಬರೋದೇ ಸುಮಾರು 200 ಕಿಲೋಮೀಟರ್. ಮೂರು ಸಲ ಹೀಗೆ ಅಲೆದ ಮೇಲೆ ವಾರಂಟಿಯ ಅವಧಿ ಕರಗಿರುತ್ತೆ, ಅದುರು ಮಾತ್ರ ಹಾಗೇ ಇರುತ್ತೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಪಿಕಪ್ ಅಂದ್ರೆ ಒಂದು ಕುಟುಂಬದ ದುಡಿಮೆ. ಕಡಲೆಕಾಯಿ, ಟೊಮೆಟೊ, ಅಡಿಕೆ, ಹೂವು, ಕುರಿ ಎಲ್ಲಾ ಮಾರುಕಟ್ಟೆಗೆ ಹೋಗೋದು ಅದರ ಮೇಲೇ. ಹಾಗಾಗಿ ‘ಗಾಡಿ ಅದುರ್ತೈತೆ’ ಅನ್ನೋ ದೂರನ್ನ ಯಾರೂ ತಳ್ಳಿಹಾಕದ ಹಾಗೆ ಹೇಳೋದು ಹೇಗೆ ಅಂತ ತಿಳಿದಿರಬೇಕು. ಯಾವ ಕಂಪನಿಯ ಗಾಡಿ ಅನ್ನೋದು ಇಲ್ಲಿ ಮುಖ್ಯವಲ್ಲ. ಅದುರು ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ ಅನ್ನೋದೇ ಮುಖ್ಯ. ಕಾರಣದ ವಿಳಾಸ ಅದರಲ್ಲೇ ಇರುತ್ತೆ.

ಅದುರು ಎಲ್ಲಿಂದ ಬರ್ತಿದೆ?

ಪಿಕಪ್ಪಿನಲ್ಲಿ ತಿರುಗುವ ಭಾಗಗಳನ್ನ ಮೂರು ಗುಂಪು ಮಾಡಬಹುದು. ಒಂದು, ಇಂಜಿನ್ ಮತ್ತು ಕ್ಲಚ್. ಎರಡು, ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್. ಮೂರು, ಚಕ್ರಗಳು. ಒಂದೊಂದೂ ತಿರುಗುವ ವೇಗ ಬೇರೆ ಬೇರೆ, ಆದ್ದರಿಂದ ಅದುರಿನ ಬಗೆಯೂ ಬೇರೆ.

ಮೊದಲ ಪರೀಕ್ಷೆ ಗಾಡಿ ನಿಂತಿದ್ದಾಗಲೇ ಮಾಡಬಹುದು. ನ್ಯೂಟ್ರಲ್‌ನಲ್ಲಿಟ್ಟು ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ನಿಂತಲ್ಲೇ ಅದುರು ಬಂತು ಅಂದ್ರೆ ಚಕ್ರದ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಇಂಜಿನ್ ಮೌಂಟಿಂಗ್ ರಬ್ಬರ್, ಇಂಜೆಕ್ಟರ್, ಸಡಿಲವಾದ ಸೈಲೆನ್ಸರ್ ಕ್ಲಾಂಪು, ಇವುಗಳಲ್ಲಿ ಯಾವುದೋ ಒಂದು.

ಎರಡನೇದು ಓಡುವಾಗ. ಹಿಂದೆ ಮುಂದೆ ವಾಹನ ಇಲ್ಲದ ನೇರ ರಸ್ತೆಯಲ್ಲಿ, ಅದುರು ಬರುವ ಸ್ಪೀಡಿನಲ್ಲೇ ಕ್ಲಚ್ ಪೂರ್ತಿ ಒತ್ತಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಎರಡು ಮೂರು ಸೆಕೆಂಡ್ ನೋಡಿ. ಕೀ ಮಾತ್ರ ಆಫ್ ಮಾಡಬೇಡಿ. ಪವರ್ ಸ್ಟೇರಿಂಗೂ ಬ್ರೇಕಿನ ಬೂಸ್ಟರೂ ಕೈಕೊಡುತ್ತೆ. ಕ್ಲಚ್ ಒತ್ತಿದ ತಕ್ಷಣ ಅದುರು ನಿಂತರೆ ಇಂಜಿನ್ ಕಡೆ ನೋಡಬೇಕು. ನಿಲ್ಲದಿದ್ದರೆ ಶಾಫ್ಟ್ ಅಥವಾ ಚಕ್ರ.

ಇವೆರಡರಲ್ಲಿ ಯಾವುದು ಅನ್ನೋದಕ್ಕೆ ಒಂದು ಚಿಕ್ಕ ಲೆಕ್ಕ ಇದೆ. 60 ಕಿ.ಮೀ. ಸ್ಪೀಡ್ ಅಂದ್ರೆ ನಿಮಿಷಕ್ಕೆ 1000 ಮೀಟರ್. 15 ಇಂಚಿನ ರಿಮ್ಮಿನ ಪಿಕಪ್ ಟೈರು ಒಂದು ಸುತ್ತಿಗೆ ಹೆಚ್ಚುಕಮ್ಮಿ 2.2 ಮೀಟರ್ ಓಡುತ್ತೆ. ಅಂದ್ರೆ ನಿಮಿಷಕ್ಕೆ ಸುಮಾರು 450 ಸುತ್ತು, ಸೆಕೆಂಡಿಗೆ ಏಳೆಂಟು. ಚಕ್ರದ ಅದುರು ಹೀಗೆ ದಡದಡ ಅಂತ ಎಣಿಸುವಂತೆ ಇರುತ್ತೆ. ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಶಾಫ್ಟ್ ಹೆಚ್ಚುಕಮ್ಮಿ ನಾಲ್ಕು ಸುತ್ತು ಹಾಕಿರುತ್ತೆ. ಅದು ಸೆಕೆಂಡಿಗೆ ಸುಮಾರು 30. ಎಣಿಸೋಕೆ ಆಗಲ್ಲ, ಗುಂಯ್‌ಗುಡುತ್ತೆ. ಮೊಬೈಲಿನಲ್ಲಿ ಅದುರು ಅಳೆಯುವ ಆ್ಯಪ್‌ಗಳು ಸಿಗುತ್ತವೆ. ಪಕ್ಕದಲ್ಲಿ ಕೂತವರು ಫೋನನ್ನ ಸೀಟಿನ ಪಟ್ಟಿಗೆ ಒತ್ತಿ ಹಿಡಿದರೆ ಈ ಅಂಕಿ ಕಣ್ಣಿಗೇ ಕಾಣುತ್ತೆ.

ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ಮತ್ತು ತಳ ನಡುಗಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್. ಚಕ್ರದ ತಪ್ಪಾದರೆ ಖರ್ಚು ಕಮ್ಮಿ. ನಮ್ಮಲ್ಲಿ ಮುಂದಿನ ಎರಡು ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿ ಹಿಂದಿನದನ್ನ ಬಿಟ್ಟುಬಿಡೋರೇ ಹೆಚ್ಚು. ನಾಲ್ಕಕ್ಕೂ ಮಾಡಿಸಿ. ರಿಮ್ಮಿನ ಒಳಗೆ ಹೊಲದ ಕೆಸರು ಒಣಗಿ ಕೂತಿದ್ದರೂ ಇದೇ ಕಾಟ. ಗಾಳಿಯ ಪ್ರಮಾಣ ಖಾಲಿಗೆ ಬೇರೆ, ಲೋಡಿಗೆ ಬೇರೆ. ಅದನ್ನ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೋ ಗಾಡಿಯ ಪುಸ್ತಕದಲ್ಲೋ ನೋಡಿ ಹಿಡಿಸಿ.

ಲೋಡ್ ಬಿದ್ದಾಗ ಮಾತ್ರ ಯಾಕೆ?

ಹೆಚ್ಚಿನ ಜಗಳ ಇರೋದು ಇಲ್ಲೇ. ಉದ್ದನೆ ಚಾಸಿಯ ಪಿಕಪ್‌ಗಳಲ್ಲಿ ಶಾಫ್ಟ್ ಎರಡು ತುಂಡಾಗಿರುತ್ತೆ, ನಡುವೆ ರಬ್ಬರಿನಲ್ಲಿ ಕೂತ ಸೆಂಟರ್ ಬೇರಿಂಗ್ ಇರುತ್ತೆ. ತುಂಡುಗಳನ್ನ ಜೋಡಿಸೋದು ಕ್ರಾಸ್‌ಗಳು. ಕ್ರಾಸ್ ಓರೆಯಾಗಿ ತಿರುಗುವಾಗ ಶಾಫ್ಟಿನ ವೇಗ ಪ್ರತಿ ಸುತ್ತಿಗೂ ಎರಡು ಸಲ ಏರಿ ಇಳಿಯುತ್ತೆ. ಒಂದು ಕ್ರಾಸ್ ಮಾಡಿದ ಈ ಏರಿಳಿತವನ್ನ ಇನ್ನೊಂದು ಸರಿದೂಗಿಸಬೇಕು. ಅದಕ್ಕೆ ಎರಡರ ಓರೆಯೂ ಸಮವಾಗಿರಬೇಕು.

ಲೋಡ್ ಬಿದ್ದಾಗ ಬ್ಲೇಡ್‌ಗಳು ತಗ್ಗಿ ಈ ಓರೆ ಬದಲಾಗುತ್ತೆ. ಕಂಪನಿ ಹೇಳಿದ ತೂಕದ ಒಳಗಿದ್ದರೆ ಗಾಡಿ ಅದನ್ನ ತಡೆದುಕೊಳ್ಳಬೇಕು. ಆ ತೂಕಕ್ಕೇ ಅದುರಿದರೆ ಅದು ಗಾಡಿಯ ತಪ್ಪು. ಆದರೆ ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರಿ ಅದುರ್ತದೆ ಅಂದ್ರೆ ದೂರು ನಿಲ್ಲೋದಿಲ್ಲ.

ಇನ್ನೊಂದು ನಮ್ಮ ಅಭ್ಯಾಸ, ಗಾಡಿ ತಗೊಂಡ ವಾರದಲ್ಲೇ ಹಿಂದೆ ಎರಡು ಬ್ಲೇಡ್ ಸೇರಿಸೋದು. ಹಿಂಭಾಗ ಎತ್ತರವಾಗುತ್ತೆ, ಶಾಫ್ಟಿನ ಓರೆ ಕೆಡುತ್ತೆ, ಖಾಲಿ ಗಾಡಿ ಹೊರಡುವಾಗಲೇ ಗಡಗಡ ಅನ್ನುತ್ತೆ. ಕಂಪನಿ ಒಪ್ಪದ ಇಂಥ ಬದಲಾವಣೆಯನ್ನ ವಾರಂಟಿ ತಿರಸ್ಕರಿಸೋಕೆ ಮೊದಲ ಕಾರಣವಾಗಿ ತೋರಿಸ್ತಾರೆ. ಅದುರಿನ ದೂರು ಇರೋವಷ್ಟು ದಿನ ಬ್ಲೇಡ್ ಮುಟ್ಟಬೇಡಿ. ಈಗಾಗಲೇ ಹಾಕಿಸಿದ್ದರೆ ತೆಗೆಸಿ, ಓಡಿಸಿ ನೋಡಿ, ಆಮೇಲೆ ದೂರು ಕೊಡಿ.

ಹೊರಡುವಾಗಿನ ನಡುಕ ಕ್ಲಚ್ಚಿನದೋ ಶಾಫ್ಟಿನದೋ ಅನ್ನೋ ಗೊಂದಲ ಬೇರೆ. ಪೆಡಲ್ ಪೂರ್ತಿ ಬಿಟ್ಟ ಮೇಲೆ ನಡುಕ ನಿಂತರೆ ಅನುಮಾನ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಫ್ಲೈವೀಲ್ ಮೇಲೆ. ಕಾಲು ತೆಗೆದ ಮೇಲೂ 20–30ರ ತನಕ ಮುಂದುವರಿದರೆ ಶಾಫ್ಟ್, ಕ್ರಾಸ್, ಸೆಂಟರ್ ಬೇರಿಂಗ್ ಕಡೆ ನೋಡಬೇಕು. ಶಾಫ್ಟ್ ಬಿಚ್ಚಿ ಮತ್ತೆ ಜೋಡಿಸುವಾಗ ಎರಡು ತುಂಡಿನ ಗುರುತುಗಳು ಒಂದಕ್ಕೊಂದು ಎದುರಾಗಿ ಕೂರಬೇಕು. ಬಿಚ್ಚೋ ಮುಂಚೆ ಸೀಮೆಸುಣ್ಣದಲ್ಲೋ ಪೇಂಟಿನಲ್ಲೋ ಒಂದು ಗೆರೆ ಎಳೆಯದ ಮೆಕ್ಯಾನಿಕ್‌ಗೆ ಶಾಫ್ಟ್ ಬಿಚ್ಚೋಕೆ ಬಿಡಬೇಡಿ.

ಗೇರ್ ಬೀಳದಿದ್ದರೆ

ಗೇರ್ ಸರಿಯಾಗಿ ಬೀಳಲ್ಲ ಅಂದ ಕೂಡಲೇ ಗೇರ್ ಬಾಕ್ಸ್ ಬಿಚ್ಚೋ ಮಾತು ಬರುತ್ತೆ. ಅದಕ್ಕೆ ಮುಂಚೆ ಇಂಜಿನ್ ಆಫ್ ಮಾಡಿ, ಎಲ್ಲಾ ಗೇರನ್ನೂ ಒಂದೊಂದಾಗಿ ಹಾಕಿ ನೋಡಿ. ಆಗಲೂ ಬಿಗಿಯಾಗಿದ್ದರೆ ಗೇರ್ ಲಿವರಿನ ಕೇಬಲ್ ಅಥವಾ ಲಿಂಕೇಜಿನ ತೊಂದರೆ ಇರಬಹುದು. ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಮಾಡಿದಾಗ ಮಾತ್ರ ಕಷ್ಟ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ಖಚಿತ ಮಾಡ್ಕೊಳ್ಳೋಕೆ ನಿಂತಲ್ಲೇ ಕ್ಲಚ್ ಒತ್ತಿ, ಐದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಕರಕರ ಅಂದ್ರೆ ಅನುಮಾನವೇ ಬೇಡ. ಕ್ಲಚ್ ಲೈನಿನಲ್ಲಿ ಗಾಳಿ ಸೇರಿದ್ದರೆ ಅಥವಾ ಆಯಿಲ್ ಕಮ್ಮಿಯಾಗಿದ್ದರೆ ಅರ್ಧ ಗಂಟೆಯ ಕೆಲಸ.

ಒಂದೇ ಒಂದು ಗೇರ್ ಮಾತ್ರ, ಅದರಲ್ಲೂ ಎರಡನೇದು, ಇಳಿಸುವಾಗ ಕಚ್ಚಾಡಿದರೆ ಆ ಗೇರಿನ ಸಿಂಕ್ರೊನೈಜರ್ ರಿಂಗ್ ಸವೆದಿರಬಹುದು. ಬೆಳಗಿನ ಚಳಿಯಲ್ಲಿ ಬಿಗಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಸಡಿಲ ಅಂದ್ರೆ ಗೇರ್ ಆಯಿಲಿನ ಗ್ರೇಡ್ ಕೇಳಿ. ಹಾಕಿದ ಗೇರ್ ತಾನಾಗೇ ಹೊರಗೆ ಬಿದ್ದರೆ ಅದನ್ನ ಸಹಿಸಿಕೊಂಡು ಓಡಿಸಬೇಡಿ. ಲೋಡ್ ಗಾಡಿ ಇಳಿಜಾರಿನಲ್ಲಿ ಇಂಜಿನ್ ಬ್ರೇಕ್ ಇಲ್ಲದೆ ಹೋದರೆ ಪ್ರಾಣದ ಪ್ರಶ್ನೆ.

ಓಡಿಸುವ ರೀತಿಯನ್ನೂ ಒಂದು ಸಲ ನೋಡಿಕೊಳ್ಳಬೇಕು. 2020ರ ಏಪ್ರಿಲ್ 1ರಿಂದ ಮಾರಾಟವಾದ ಗಾಡಿಗಳೆಲ್ಲ ಬಿಎಸ್-6. ಹಳೇ ಗಾಡಿಯ ಅಭ್ಯಾಸದಲ್ಲಿ ಡೀಸೆಲ್ ಉಳಿಸೋಕೆ ಅಂತ 35ಕ್ಕೇ ನಾಲ್ಕನೇ ಗೇರ್ ಹಾಕಿ ಏರಿನಲ್ಲಿ ಎಳೆಸಿದರೆ ಯಾವ ಇಂಜಿನ್ನಾದರೂ ಗುದ್ದಾಡುತ್ತೆ. ಒಂದು ಗೇರ್ ಇಳಿಸಿದಾಗ ಅದುರು ಮಾಯವಾದರೆ ಅದು ಗಾಡಿಯ ದೋಷ ಅಲ್ಲ. ಹೊಗೆ ಕೊಳವೆಯ ಮಸಿ ಸುಡುವ ಫಿಲ್ಟರ್ ಇರುವ ಮಾದರಿಗಳಲ್ಲಿ ಆಗಾಗ ಐಡ್ಲಿಂಗ್ ತಾನಾಗೇ ಏರೋದೂ ಸಹಜವೇ.

ಬಾಯಿಮಾತು ಬೇಡ, ಜಾಬ್ ಕಾರ್ಡ್ ಬೇಕು

ಇಷ್ಟು ನೋಡಿಕೊಂಡ ಮೇಲೆ ದೂರು ಹೀಗೆ ಬರೆಸಿ: ‘ಒಂದು ಟನ್ ಲೋಡಿನಲ್ಲಿ, ನಾಲ್ಕನೇ ಗೇರಿನಲ್ಲಿ, 60ರಿಂದ 70ರ ನಡುವೆ, ಸೀಟಿನ ಕೆಳಗೆ ಅದುರು, ಕ್ಲಚ್ ಒತ್ತಿದರೂ ನಿಲ್ಲಲ್ಲ.’ ಇದನ್ನ ‘ಜನರಲ್ ಚೆಕಪ್’ ಅಂತ ಬದಲಾಯಿಸೋಕೆ ಬಿಡಬೇಡಿ. ಪ್ರತಿ ಭೇಟಿಗೂ ಜಾಬ್ ಕಾರ್ಡ್ ಪ್ರತಿ ಕೇಳಿ ತಗೊಳ್ಳಿ. ಅದರಲ್ಲಿ ತಾರೀಖು, ಕಿಲೋಮೀಟರ್, ದೂರು, ಮಾಡಿದ ಕೆಲಸ ಎಲ್ಲಾ ಇರಲಿ. ಸಾಧ್ಯವಾದರೆ ಲೋಡಿನ ಸಮೇತ ಹೋಗಿ, ತೂಕದ ಚೀಟಿ ಜೊತೆಗಿಟ್ಟುಕೊಂಡು, ಅವರ ಮೆಕ್ಯಾನಿಕ್ಕನ್ನ ಪಕ್ಕದಲ್ಲಿ ಕೂರಿಸಿ ಓಡಿಸಿ. ಸರಿಯಾಗದೆ ಇದ್ದರೆ ‘ತೃಪ್ತಿಯಾಗಿದೆ’ ಅನ್ನೋ ಕಡೆ ಸಹಿ ಹಾಕಬೇಡಿ, ‘ದೂರು ಹಾಗೇ ಇದೆ’ ಅಂತ ಕನ್ನಡದಲ್ಲೇ ಬರೆದು ಸಹಿ ಮಾಡಿ. ಕಂಪನಿಗೂ ಒಂದು ಇಮೇಲ್ ಹೋಗಲಿ.

ಆಮೇಲೂ ಆಗದಿದ್ದರೆ ಗ್ರಾಹಕ ಆಯೋಗ ಇದೆ. ‘ಬಾಡಿಗೆ ಗಾಡಿಗೆ ಅದು ಅನ್ವಯಿಸಲ್ಲ’ ಅಂತ ಹೆದರಿಸೋರಿದ್ದಾರೆ. ಇದು ಅರ್ಧಸತ್ಯ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನ ಕಾಯ್ದೆ ಹೊರಗಿಡುತ್ತೆ ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸೋದಕ್ಕಾಗಿಯೇ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶ ಅಲ್ಲ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತೆ. ತಾನೇ ಓಡಿಸಿ ಬದುಕೋಕೆ ಲಾರಿಯನ್ನೋ ಆಟೊವನ್ನೋ ಕೊಂಡವನು ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲೇ ವಿವರಿಸಿದೆ. ಹತ್ತು ಗಾಡಿ ಇಟ್ಟು ಡ್ರೈವರುಗಳಿಂದ ಓಡಿಸೋರ ಮಾತು ಬೇರೆ.

ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದ್ರೆ ನಮಗೆ ತುಮಕೂರು ಸಾಕು. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ. ಶುಲ್ಕ 5ರಿಂದ 10 ಲಕ್ಷದವರೆಗಿನ ಬೆಲೆಗೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400 ರೂಪಾಯಿ. ಕಾರಣ ಹುಟ್ಟಿದ ಎರಡು ವರ್ಷದ ಒಳಗೆ ದೂರು ದಾಖಲಾಗಬೇಕು. ತಯಾರಿಕೆಯ ದೋಷ ಇದೆಯೋ ಇಲ್ಲವೋ ಅನ್ನೋದಕ್ಕೆ ತಜ್ಞರ ಪರೀಕ್ಷೆ ಬೇಕಾಗಬಹುದು, ಆಯೋಗವೇ ಅದಕ್ಕೆ ಕಳಿಸಬಹುದು. ಅಲ್ಲಿ ಮೊದಲು ಕೇಳೋದು ಆ ಜಾಬ್ ಕಾರ್ಡ್‌ಗಳನ್ನೇ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇದೆಲ್ಲ ಮಾಲೀಕನೊಬ್ಬನ ಹೆಗಲ ಮೇಲೆ ಬೀಳಬೇಕಾದ್ದಲ್ಲ. ಗಾಡಿ ಮಾರುವಾಗ ‘ಇಷ್ಟು ಲೋಡ್ ಎಳೆಯುತ್ತೆ’ ಅಂತ ತೋರಿಸಿದವರು ದೂರು ಬಂದಾಗ ಖಾಲಿ ಓಡಿಸಿ ‘ನಾರ್ಮಲ್’ ಅನ್ನೋದು ನ್ಯಾಯ ಅಲ್ಲ. ಲೋಡ್ ಗಾಡಿಯ ದೂರನ್ನ ಲೋಡ್ ಹಾಕಿಯೇ ಪರೀಕ್ಷಿಸಬೇಕು ಅನ್ನೋದು ವರ್ಕ್‌ಶಾಪಿನ ನಿಯಮ ಆಗಬೇಕು. ಅಲ್ಲಿತನಕ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ನು ಇರಲಿ. ಹಿಂದೂಪುರಕ್ಕೆ ಹೋಗುವಾಗಲೋ ಶಿರಾ ಗೇಟು ದಾಟುವಾಗಲೋ ಗಾಡಿ ಅದುರಿದರೆ ಬದಿಗೆ ನಿಲ್ಲಿಸಿ ಸ್ಪೀಡು, ಗೇರು, ಲೋಡು ಮೂರನ್ನೂ ಬರೆದಿಡಿ. ವಾರಂಟಿ ಮುಗಿಯೋದರೊಳಗೆ ಆ ಪುಟ ತುಂಬಿರಬೇಕು.