ಜಿಗಿಯುವ ಆವೃತ್ತಿ

1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿಂದ ದಶಕಗಳ ಕಾಲ ಶಿವಮೊಗ್ಗದ ಜನರು ರೇಡಿಯೋದ ಮುಳ್ಳನ್ನು 675 ಕಿಲೋಹರ್ಟ್ಸ್ ಬಳಿ ನಿಲ್ಲಿಸಿ ವಾರ್ತೆಯನ್ನೂ ಹಾಡನ್ನೂ ಕೇಳುತ್ತಿದ್ದರು. ಮುಳ್ಳು ಸ್ವಲ್ಪ ಸರಿದರೂ ದನಿ ಮರೆಯಾಗುತ್ತಿತ್ತು. ಮಲೆನಾಡಿನಲ್ಲಿ ಗುಡುಗು ಮಳೆ ಬಂದಾಗ ಮಿಂಚು ಹೊಳೆದಂತೆಲ್ಲ ಕರಕರ ಸದ್ದು ಮಾತನ್ನು ನುಂಗಿಬಿಡುತ್ತಿತ್ತು. ಕೇಂದ್ರವು ತನ್ನ ಸ್ಥಾನವನ್ನು ಬಿಟ್ಟು ಕದಲುವಂತಿರಲಿಲ್ಲ, ಕೇಳುಗನು ಸಹಿಸಿಕೊಳ್ಳಲೇಬೇಕಾಗಿತ್ತು.

ತರಂಗವೊಂದು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆಯೋ ಅದೇ ಅದರ ಆವೃತ್ತಿ. 675 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 6,75,000 ಕಂಪನಗಳು. ಕಳುಹಿಸುವವನೂ ಪಡೆಯುವವನೂ ಒಂದೇ ಆವೃತ್ತಿಗೆ ಅಂಟಿಕೊಳ್ಳದೆ, ಜೊತೆಜೊತೆಯಾಗಿ ಅದನ್ನು ಬದಲಿಸುತ್ತ ಹೋದರೇನು? 1942ರಲ್ಲಿ ಚಲನಚಿತ್ರ ನಟಿ ಹೆಡಿ ಲಮಾರ್ ಮತ್ತು ಸಂಗೀತ ರಚನಕಾರ ಜಾರ್ಜ್ ಆಂಥೈಲ್ ಇಂತಹ ಒಂದು ಉಪಾಯಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ನೀರೊಳಗಿನ ಟಾರ್ಪೆಡೊವನ್ನು ನಡೆಸುವ ಸಂಕೇತವನ್ನು ಶತ್ರುವು ಕೆಡಿಸದಂತೆ ಮಾಡುವುದೇ ಅವರ ಉದ್ದೇಶವಾಗಿತ್ತು. ಪಿಯಾನೋದ ಕೀಲಿಗಳಷ್ಟೇ, ಎಂದರೆ 88 ಆವೃತ್ತಿಗಳನ್ನು ಅವರು ಸೂಚಿಸಿದ್ದರು.

ಇಂದು ಮೊಬೈಲಿನಿಂದ ಕಿವಿಯ ಉಪಕರಣಕ್ಕೆ ದನಿಯನ್ನು ಒಯ್ಯುವ ಬ್ಲೂಟೂತ್ ಇದೇ ತತ್ತ್ವವನ್ನು ಅನುಸರಿಸುತ್ತದೆ. ಅದರ ಮೂಲ ಪದ್ಧತಿಯಲ್ಲಿ 2402ರಿಂದ 2480 ಮೆಗಾಹರ್ಟ್ಸ್‌ವರೆಗೆ 79 ಮಾರ್ಗಗಳಿವೆ. ಉಪಕರಣಗಳು ಸೆಕೆಂಡಿಗೆ 1600 ಬಾರಿ ಮಾರ್ಗ ಬದಲಿಸುತ್ತವೆ. ಆದರೆ ಇದೇ ಪಟ್ಟಿಯಲ್ಲಿ ವೈಫೈ ಸಹ ಸಂಚರಿಸುತ್ತದೆ. ಅದರ ಒಂದು ವಾಹಿನಿಯೇ ಸುಮಾರು 20 ಮಾರ್ಗಗಳನ್ನು ಆವರಿಸುತ್ತದೆ. ಕಣ್ಣುಮುಚ್ಚಿ ಜಿಗಿದರೆ ನಾಲ್ಕರಲ್ಲಿ ಒಂದು ಜಿಗಿತವು ಅಲ್ಲಿಯೇ ಬಿದ್ದೀತು.

ತುಂಗೆಯ ದಡದ ಶಿವಮೊಗ್ಗದಿಂದ ಭದ್ರೆಯ ದಡದ ಭದ್ರಾವತಿಗೆ 79 ದಾರಿಗಳಿವೆ ಎಂದು ಭಾವಿಸೋಣ. ಗೆಳೆಯನೊಬ್ಬನು ದೀರ್ಘ ಪತ್ರದ ಒಂದೊಂದು ಹಾಳೆಯನ್ನು ಒಂದೊಂದು ದಾರಿಯಲ್ಲಿ ಕಳುಹಿಸುತ್ತಾನೆ. ಮೊದಲೇ ಗೊತ್ತುಪಡಿಸಿದ ಕ್ರಮದಂತೆ ಇನ್ನೊಬ್ಬನು ಆಯಾ ದಾರಿಯ ಕೊನೆಯಲ್ಲಿ ಕಾದಿರುತ್ತಾನೆ. ಕೆಲವು ದಾರಿಗಳಲ್ಲಿ ಬಂಡಿಗಳು ಕಿಕ್ಕಿರಿದಿದ್ದರೆ ಆ ಹಾಳೆಗಳು ತಲಪುವುದಿಲ್ಲ. ಆಗ ಇಬ್ಬರೂ ಅಂತಹ ದಾರಿಗಳನ್ನು ತಮ್ಮ ಪಟ್ಟಿಯಿಂದ ಹೊಡೆದುಹಾಕಿ, ಉಳಿದವುಗಳನ್ನೇ ಬಳಸುವುದು ಜಾಣತನ. ಒಬ್ಬನು ಮಾತ್ರ ಪಟ್ಟಿ ಬದಲಿಸಿದರೆ ಪತ್ರವೆಲ್ಲ ವ್ಯರ್ಥ.

ಇದೇ ಹೊಂದಿಕೊಳ್ಳುವ ಆವೃತ್ತಿ ಜಿಗಿತ. 2003ರಲ್ಲಿ ಇದು ಬ್ಲೂಟೂತ್ ನಿಯಮಗಳಲ್ಲಿ ಸೇರಿತು. ಮುಖ್ಯ ಉಪಕರಣವು ಗದ್ದಲದ ಮಾರ್ಗಗಳನ್ನು ಗುರುತಿಸಿ ಹೊಸ ಪಟ್ಟಿಯನ್ನು ಜೊತೆಗಾರನಿಗೆ ತಿಳಿಸುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಅದನ್ನು ಅನುಸರಿಸುತ್ತವೆ. ಬಿಟ್ಟ ಮಾರ್ಗಗಳು ತೆರವಾದರೆ ಮತ್ತೆ ಸೇರುತ್ತವೆ. ಆದರೂ ಕನಿಷ್ಠ 20 ಮಾರ್ಗಗಳು ಪಟ್ಟಿಯಲ್ಲಿರಬೇಕು. ಆಕಾಶವೆಲ್ಲ ತುಂಬಿಹೋದರೆ ಈ ಜಾಣತನವೂ ಹೊಸ ದಾರಿಯನ್ನು ಸೃಷ್ಟಿಸಲಾರದು.

ಕೆಲವು ಶ್ರವಣ ಸಾಧನಗಳೂ ಇಂತಹ ವ್ಯವಸ್ಥೆಯನ್ನು ಅವಲಂಬಿಸಿವೆ. ಕಿವಿ ಮಂದವಾದ ವಿದ್ಯಾರ್ಥಿಗೆ ಪಾಠದ ಒಂದು ಮಾತು ತಪ್ಪಿದರೂ ನಷ್ಟವೇ. ಆಕಾಶವು ಎಲ್ಲರ ಸೊತ್ತು. ಅಲ್ಲಿ ಪರರ ದಾರಿಗೆ ಅಡ್ಡಬಾರದೆ ತನ್ನ ದಾರಿಯನ್ನು ಕಂಡುಕೊಳ್ಳುವವನೇ ತನ್ನ ಮಾತನ್ನು ಮುಟ್ಟಿಸಬಲ್ಲನು.