ವಿಮಾ ನಿಯಂತ್ರಣದ ವೆಚ್ಚವೂ ಸಿಬ್ಬಂದಿಯೂ: ಜಯಪ್ರಕಾಶನಗರದ ಒಂದು ಕಛೇರಿಯ ನಿದರ್ಶನ

ವಿಮೆಯು ವಾಗ್ದಾನದ ವ್ಯಾಪಾರ. ಗ್ರಾಹಕನು ಹಣವನ್ನು ಮೊದಲೇ ತೆರುತ್ತಾನೆ. ಅದರ ಪ್ರತಿಫಲವು ಹಲವು ವರ್ಷಗಳ ಬಳಿಕವೋ, ಅಪಘಾತವೊಂದು ಒದಗಿದಾಗಲೋ, ಅವನ ಮರಣಾನಂತರವೋ ದೊರೆಯತಕ್ಕದ್ದು. ಈ ನಡುವಣ ಕಾಲದಲ್ಲಿ ವಾಗ್ದಾನವು ಕೆಡದಂತೆ ಕಾಯುವ ಹೊಣೆಯನ್ನು ಬಹುತೇಕ ದೇಶಗಳಲ್ಲಿ ಸರ್ಕಾರವೇ ವಹಿಸಿಕೊಂಡಿದೆ. ಆದರೆ ಆ ಕಾವಲುಗಾರನಿಗೆ ಸಂಬಳ ಕೊಡುವವರು ಯಾರು, ಅವನನ್ನು ಎಲ್ಲಿಂದ ಕರೆತರಬೇಕು ಎಂಬ ಪ್ರಶ್ನೆಗಳು ಕಾನೂನಿನ ಕಲಮುಗಳಷ್ಟೇ ಮುಖ್ಯವಾದವು. ಅವುಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಕಾರ್ಯವು ಒಂದೊಂದು ಸಂಸ್ಥಾನಕ್ಕೂ ಪ್ರತ್ಯೇಕವಾಗಿ ಸೇರಿದುದು. 1851ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ವಿಮಾ ಕಮಿಷನರನ್ನು ನೇಮಿಸಿ ದಾರಿ ತೋರಿತು. 1945ರ ಕಾನೂನು ಸಂಸ್ಥಾನಗಳ ಅಧಿಕಾರವನ್ನು ದೃಢಪಡಿಸಿತು. ಭಾರತದ ವ್ಯವಸ್ಥೆ ಬೇರೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿಮೆಯು ಕೇಂದ್ರಪಟ್ಟಿಯ 47ನೆಯ ವಿಷಯವಾಗಿದೆ. ಆದಕಾರಣ ಕರ್ನಾಟಕಕ್ಕೆ ತನ್ನದೇ ಆದ ವಿಮಾ ನಿಯಂತ್ರಕನಿಲ್ಲ. ಮೈಸೂರು ಸಂಸ್ಥಾನವು 1891ರಲ್ಲಿ ಆರಂಭಿಸಿದ ವಿಮಾ ಯೋಜನೆಯು ಇಂದಿಗೂ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ರೂಪದಲ್ಲಿ ನಡೆದುಬಂದಿದೆಯಾದರೂ, ಅದು ತನ್ನ ನೌಕರರಿಗೆ ವಿಮೆಯನ್ನು ನೀಡುವ ಸಂಸ್ಥೆಯೇ ಹೊರತು ಇತರರ ವಿಮಾ ವ್ಯವಹಾರವನ್ನು ನಿಯಂತ್ರಿಸುವ ಸಂಸ್ಥೆಯಲ್ಲ.

ಅಖಿಲ ಭಾರತಕ್ಕೆ ಅನ್ವಯಿಸುವ ನಿಯಂತ್ರಣಕ್ಕೆ ಭದ್ರವಾದ ತಳಹದಿಯನ್ನು ಹಾಕಿದುದು 1938ರ ವಿಮಾ ಕಾಯಿದೆ. ಅದರ ಅಧಿಕಾರಿಯನ್ನು ಮೊದಲು ಸೂಪರಿಂಟೆಂಡೆಂಟ್ ಎಂದೂ 1950ರ ತಿದ್ದುಪಡಿಯ ತರುವಾಯ ಕಂಟ್ರೋಲರ್ ಎಂದೂ ಕರೆದರು. ಅವನು ಕೇಂದ್ರ ಸರ್ಕಾರದ ಅಧಿಕಾರಿ. 1956ರ ಸೆಪ್ಟೆಂಬರ್ 1ರಂದು ಜೀವ ವಿಮಾ ನಿಗಮವು ಸ್ಥಾಪಿತವಾಗಿ 245 ಸಂಸ್ಥೆಗಳ ವ್ಯವಹಾರವು ಅದರಲ್ಲಿ ಲೀನವಾಯಿತು. 1973ರಲ್ಲಿ ಸಾಮಾನ್ಯ ವಿಮೆಯೂ ರಾಷ್ಟ್ರೀಕೃತವಾಯಿತು. ಸರ್ಕಾರವೇ ವಿಮಾದಾರನಾದ ಮೇಲೆ ಪ್ರತ್ಯೇಕ ಕಾವಲಿನ ಅಗತ್ಯವು ಕುಗ್ಗಿದಂತೆ ತೋರಿದುದು ಸಹಜ.

ಖಾಸಗಿ ಸಂಸ್ಥೆಗಳಿಗೆ ಮತ್ತೆ ಬಾಗಿಲು ತೆರೆದಾಗ ಪರಿಸ್ಥಿತಿಯು ಬದಲಾಯಿತು. 1999ರ ಕಾಯಿದೆಯಿಂದ ವಿಮಾ ನಿಯಂತ್ರಣ ಹಾಗೂ ಅಭಿವೃದ್ಧಿ ಪ್ರಾಧಿಕಾರವು ಜನ್ಮತಾಳಿತು. ಒಬ್ಬ ಅಧ್ಯಕ್ಷರು, ಐವರಿಗೆ ಮೀರದ ಪೂರ್ಣಾವಧಿ ಸದಸ್ಯರು, ನಾಲ್ವರಿಗೆ ಮೀರದ ಅಂಶಕಾಲಿಕ ಸದಸ್ಯರು ಎಂದು ಕಾಯಿದೆಯು ವಿಧಿಸಿತು. ಸಿಬ್ಬಂದಿಯನ್ನು ನೇಮಿಸಿಕೊಳ್ಳುವ ಅಧಿಕಾರವು ಪ್ರಾಧಿಕಾರಕ್ಕೇ ದೊರೆಯಿತು. ಅದಕ್ಕೆ ಒಂದು ಪ್ರತ್ಯೇಕ ನಿಧಿಯೂ ಏರ್ಪಟ್ಟಿತು: ಸರ್ಕಾರದ ಅನುದಾನಗಳೂ ವಿಮಾ ಸಂಸ್ಥೆಗಳು ತೆರುವ ಶುಲ್ಕಗಳೂ ಅದಕ್ಕೆ ಸೇರುತ್ತವೆ, ವೇತನಗಳು ಅದರಿಂದ ಸಲ್ಲುತ್ತವೆ, ಲೆಕ್ಕಪತ್ರಗಳನ್ನು ಭಾರತದ ಕಂಟ್ರೋಲರ್ ಮತ್ತು ಆಡಿಟರ್ ಜನರಲ್ ಪರಿಶೋಧಿಸುತ್ತಾರೆ. ಖಜಾನೆಯ ಕೈಬಿಗಿತದಿಂದ ಕೆಲಸವು ನಿಲ್ಲದಿರಲಿ ಎಂಬುದು ಈ ಏರ್ಪಾಡಿನ ಗುಣ. ನಿಯಂತ್ರಿತರ ಹಣವೇ ನಿಯಂತ್ರಕನ ಜೀವನಾಧಾರವಾಗುವುದು ಅದರ ತೊಡಕು. ಆದರೂ ಶುಲ್ಕವು ಕಾನೂನಿನಿಂದ ನಿಗದಿಯಾದುದರಿಂದಲೂ ಲೆಕ್ಕವನ್ನು ಹೊರಗಿನವರು ನೋಡುವುದರಿಂದಲೂ ಆ ತೊಡಕು ಬಹುಮಟ್ಟಿಗೆ ಹತೋಟಿಯಲ್ಲಿರುತ್ತದೆ.

ಇದೇ ತೊಡಕು ನಮ್ಮ ನಗರದ ದಕ್ಷಿಣ ಭಾಗದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕರ್ನಾಟಕದ ವಿಮಾ ಲೋಕಪಾಲರ ಕಛೇರಿಯು ಜಯಪ್ರಕಾಶನಗರದ ಮೊದಲನೆಯ ಹಂತದಲ್ಲಿ, 24ನೆಯ ಮುಖ್ಯರಸ್ತೆಯ ಜೀವನ್ ಸೌಧದಲ್ಲಿದೆ. ಲೋಕಪಾಲರು ನಿಯಂತ್ರಕರಲ್ಲ, ಗ್ರಾಹಕನ ದೂರನ್ನು ವಿಚಾರಿಸಿ ತೀರ್ಪು ಕೊಡುವವರು. ಈ ಪದವಿಯು 1998ರ ನಿಯಮಗಳಿಂದ ಹುಟ್ಟಿತು. ಮೊದಲು ಕರ್ನಾಟಕದ ದೂರುಗಳು ಹೈದರಾಬಾದಿನ ವ್ಯಾಪ್ತಿಗೆ ಸೇರಿದ್ದವು. ಬೆಂಗಳೂರಿಗೆ ಪ್ರತ್ಯೇಕ ಕಛೇರಿ ಬಂದುದು ಅನಂತರ. ದೂರಿಗೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 1998ರಲ್ಲಿ 20 ಲಕ್ಷ ರೂಪಾಯಿಗಳಿದ್ದ ಪರಿಹಾರದ ಮಿತಿಯು 2017ರಲ್ಲಿ 30 ಲಕ್ಷಕ್ಕೂ 2023ರಲ್ಲಿ 50 ಲಕ್ಷಕ್ಕೂ ಏರಿತು.

ಗ್ರಾಹಕನಿಗೆ ಉಚಿತವಾದುದರ ವೆಚ್ಚವನ್ನು ಯಾರಾದರೂ ಭರಿಸಲೇಬೇಕಷ್ಟೆ. ಅದನ್ನು ಭರಿಸುವವರು ವಿಮಾ ಸಂಸ್ಥೆಗಳು. ಅವುಗಳ ಮಂಡಲಿಯ ಮೂಲಕ ಹಣವೂ ಕಛೇರಿಯ ಸಿಬ್ಬಂದಿಯೂ ಒದಗುತ್ತವೆ. ಅಂದರೆ ಪ್ರತಿವಾದಿಗಳ ಹಣದಿಂದಲೇ ನ್ಯಾಯಪೀಠವು ನಡೆಯುತ್ತದೆ. ಇದು ಅನುಚಿತವೆಂದು ಒಮ್ಮೆಲೇ ತೀರ್ಮಾನಿಸಲಾಗದು. ವಿವಾದಗಳಿಗೆ ಕಾರಣವಾದ ಉದ್ಯಮವೇ ಅವುಗಳ ಪರಿಹಾರದ ಖರ್ಚನ್ನು ಹೊರುವುದು ನ್ಯಾಯವೂ ಹೌದು. ಅಪಾಯವಿರುವುದು ನೇಮಕವೂ ಅದೇ ಕೈಗೆ ಸಿಕ್ಕಾಗ. 2017ರ ನಿಯಮಗಳು ಆಯ್ಕೆ ಸಮಿತಿಯ ಅಧ್ಯಕ್ಷತೆಯನ್ನು ಪ್ರಾಧಿಕಾರದ ಅಧ್ಯಕ್ಷರಿಗೆ ವಹಿಸಿ, ಸರ್ಕಾರದ ಪ್ರತಿನಿಧಿಗೂ ವಿಮಾ ಮಂಡಲಿಗಳ ಪ್ರತಿನಿಧಿಗಳಿಗೂ ಸ್ಥಾನವಿತ್ತವು. 2021ರ ತಿದ್ದುಪಡಿಯು ಗ್ರಾಹಕರ ಹಿತಕ್ಕಾಗಿ ದುಡಿದವರೊಬ್ಬರನ್ನೂ ಸೇರಿಸಿತು. ಹಣದ ಮೂಲವನ್ನು ಬದಲಿಸದೆ ಆಯ್ಕೆಯ ಮೇಲಣ ಹಿಡಿತವನ್ನು ಹಂಚಿದ ಕ್ರಮವಿದು.

ಸಿಬ್ಬಂದಿಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ಪಾಲಿಸಿಯ ಷರತ್ತುಗಳನ್ನು ಅರಿಯಲು ಅನುಭವ ಬೇಕು. ಆ ಅನುಭವವು ಹೆಚ್ಚಾಗಿ ದೊರೆಯುವುದು ವಿಮಾ ಸಂಸ್ಥೆಗಳೊಳಗೇ. ಒಳಗಿನವರನ್ನು ತಂದರೆ ಪಕ್ಷಪಾತದ ಶಂಕೆ. ಹೊರಗಿನವರನ್ನು ತಂದರೆ ಅನುಭವದ ಕೊರತೆ. ಅಲ್ಲದೆ ತೀರ್ಪನ್ನು ನೀಡತಕ್ಕವರು ಲೋಕಪಾಲರೊಬ್ಬರೇ. ಬೇಕಾದ ಕಾಗದಪತ್ರಗಳು ಕೈಸೇರಿದ ಮೂರು ತಿಂಗಳೊಳಗೆ ತೀರ್ಪು ಬರಬೇಕೆಂದು ನಿಯಮವು ಹೇಳುತ್ತದೆ. ಪೀಠವು ತೆರವಾಗಿ ಉಳಿದರೆ ಆ ಅವಧಿಗೆ ಅರ್ಥವಿರುವುದಿಲ್ಲ. ಆಸ್ಪತ್ರೆಯ ಬಿಲ್ಲನ್ನು ಸಾಲ ಮಾಡಿ ತೀರಿಸಿದವನಿಗೂ, ಪತಿಯ ಪಾಲಿಸಿಯ ಹಣಕ್ಕಾಗಿ ಕಾದಿರುವ ವಿಧವೆಗೂ ವಿಳಂಬವೆಂಬುದು ನಿರಾಕರಣೆಗೆ ಸಮಾನ.

ಹಣವು ಎಲ್ಲಿಂದ ಬರುತ್ತದೆಂಬುದಕ್ಕಿಂತ ಅದನ್ನು ತಡೆಹಿಡಿಯುವ ಶಕ್ತಿ ಯಾರಿಗಿದೆಯೆಂಬುದೇ ಸ್ವಾತಂತ್ರ್ಯದ ಒರೆಗಲ್ಲು. ಅಂತೆಯೇ ಹುದ್ದೆಗಳ ಸಂಖ್ಯೆಗಿಂತ ಅವು ಸಕಾಲದಲ್ಲಿ ತುಂಬುತ್ತವೆಯೇ ಎಂಬುದು ಮುಖ್ಯ. ಕಾನೂನಿನ ಆಶಯವು ದಿಲ್ಲಿಯಲ್ಲಿ ರೂಪುಗೊಂಡರೂ ಅದರ ಪರೀಕ್ಷೆ ನಡೆಯುವುದು ಇಂತಹ ಕಛೇರಿಗಳ ಮೇಜುಗಳ ಮುಂದೆ.