ಹೃದಯದೊಳಗಿನ ಉಪ್ಪಿನ ಬಾಗಿಲು



ಕುವೈತ್‌ಗೆ ಕೆಲಸಕ್ಕೆಂದು ಬಂದ ನಾವೆಲ್ಲ ಇಕಾಮಾಕ್ಕಾಗಿ ರಕ್ತ ಕೊಟ್ಟು, ಎದೆಯ ಎಕ್ಸ್-ರೇ ತೆಗೆಸಿಕೊಂಡವರೇ. ಹೃದಯದಲ್ಲಿ ವಿದ್ಯುತ್ತು ಹೇಗೆ ಹರಿಯುತ್ತಿದೆ ಎಂದು ಮಾತ್ರ ಅಲ್ಲಿ ಯಾರೂ ನೋಡುವುದಿಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯನಲ್ಲ. ಕಛೇರಿಯ ಫಿಲಿಪ್ಪೀನ್ಸ್ ಗೆಳೆಯ ಊಟದ ಹೊತ್ತಿನಲ್ಲಿ ಹೇಳಿದ ಒಂದು ಪದ ನನ್ನನ್ನು ಈ ವಿಷಯಕ್ಕೆ ಎಳೆಯಿತು: 'ಬಂಗುಂಗೋಟ್'. ಗಟ್ಟಿಮುಟ್ಟಾದ ಯುವಕ ರಾತ್ರಿ ಉಂಡು ಮಲಗಿ, ನಿದ್ದೆಯಲ್ಲೇ ನರಳಿ ಸತ್ತರೆ ಅವರಲ್ಲಿ ಹಾಗೆನ್ನುತ್ತಾರಂತೆ. ಥಾಯ್ಲೆಂಡಿನವರು 'ಲೈ ತಾಯ್' ಎನ್ನುತ್ತಾರೆ. ನಾವು 'ಹಾರ್ಟ್ ಅಟ್ಯಾಕ್ ಅಂತೆ' ಎಂದು ಫೋನಿನಲ್ಲಿ ಹೇಳಿ ಮುಗಿಸುತ್ತೇವೆ.

ಹಾರ್ಟ್ ಅಟ್ಯಾಕ್ ಎಂದರೆ ಕೊಳಾಯಿ ಕಟ್ಟಿಕೊಂಡಂತೆ. ಇದು ವೈರಿಂಗ್ ತೊಂದರೆ. ಹೃದಯದ ಜೀವಕೋಶಗಳ ಪೊರೆಯಲ್ಲಿ ಸೋಡಿಯಂ ನುಗ್ಗಲೆಂದೇ ಪುಟ್ಟ ಬಾಗಿಲುಗಳಿವೆ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಅದೇ. (ಹಾಗೆಂದು ಉಪ್ಪಿನಕಾಯಿ ಬಿಟ್ಟರೆ ಈ ಕಾಯಿಲೆ ವಾಸಿಯಾಗದು!) ಪ್ರತಿ ಬಡಿತಕ್ಕೂ ಬಾಗಿಲು ಒಂದೆರಡು ಮಿಲಿಸೆಕೆಂಡ್ ತೆರೆದು ಮುಚ್ಚಿಕೊಳ್ಳಬೇಕು. ಈ ಬಾಗಿಲನ್ನು ಕಟ್ಟುವ ಜೀನಿನ ಹೆಸರು ಎಸ್‌ಸಿಎನ್5ಎ. ಅದರಲ್ಲಿ ಒಂದೇ ಅಕ್ಷರ ತಪ್ಪಿದರೂ ಸಾಕು. ಕೋಡ್ ಬರೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಉದ್ದ ಕ್ಯೂಟಿಯ ಮೂರನೆಯ ಬಗೆ. ಇದು ಗೊತ್ತಾದದ್ದು 1995ರಲ್ಲಿ. ಸಾಕಷ್ಟು ತೆರೆಯದಿದ್ದರೆ ಬ್ರುಗಾಡಾ ಸಿಂಡ್ರೋಮ್. ಪೆಡ್ರೊ ಮತ್ತು ಜೋಸೆಪ್ ಬ್ರುಗಾಡಾ ಸೋದರರು 1992ರಲ್ಲಿ 8 ರೋಗಿಗಳ ಇಸಿಜಿಯಲ್ಲಿ ಅದರ ಗುರುತನ್ನು ವಿವರಿಸಿದರು. ಜೀನಿನ ನಂಟು ತಿಳಿದದ್ದು 1998ರಲ್ಲಿ. ಏಷ್ಯಾದ ಆ ರಾತ್ರಿ ಸಾವುಗಳ ಕೆಲವು ಕುಟುಂಬಗಳಲ್ಲೂ ಅದೇ ಜೀನಿನ ದೋಷವಿರುವುದು 2002ರಲ್ಲಿ ಕಂಡುಬಂತು.

ನಮ್ಮ ಚಿಕ್ಕಪ್ಪ 38ರಲ್ಲಿ ನಿದ್ದೆಯಲ್ಲೇ ತೀರಿಕೊಂಡರು. 'ಪುಣ್ಯವಂತ, ನೋವಿಲ್ಲದೆ ಹೋದ' ಎಂದರು ಊರಿನವರು. ಕಾರಣ ಯಾರೂ ಹುಡುಕಲಿಲ್ಲ. ಇದೇ ಕಾಯಿಲೆ ಎಂದು ನಾನು ಹೇಳಲಾರೆ. ಆದರೆ ಇದೇ ಆಗಿದ್ದರೆ, ತಂದೆಯಿಂದಾಗಲಿ ತಾಯಿಯಿಂದಾಗಲಿ ದೋಷ ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ. ಚಿಕ್ಕಪ್ಪನ ಮಗನಿಗೆ ಈಗ 29.

ಪರೀಕ್ಷೆ ಸುಲಭ, ಮಾಮೂಲಿ ಇಸಿಜಿ. ಆದರೆ ಬ್ರುಗಾಡಾ ಗುರುತು ಇಂದು ಕಾಣಿಸಿ ನಾಳೆ ಮಾಯವಾಗುತ್ತದೆ. ಜ್ವರ ಬಂದಾಗ ಎದ್ದು ಕಾಣುತ್ತದೆ, ಅಪಾಯವೂ ಆಗಲೇ ಹೆಚ್ಚು. ಆದ್ದರಿಂದ ಬ್ರುಗಾಡಾ ಇದ್ದವರಿಗೆ ಜ್ವರ ಬಂದರೆ ಪೆನಡಾಲ್ ತಡಮಾಡುವ ಮಾತ್ರೆಯಲ್ಲ. ಅಡಗಿದ ಗುರುತನ್ನು ಹೊರತರಲು ಆಸ್ಪತ್ರೆಯಲ್ಲಿ ಅಜ್ಮಲೀನ್ ಎಂಬ ಔಷಧಿ ಕೊಟ್ಟು ನೋಡುವುದುಂಟು. ನಮ್ಮ ಸರ್ಪಗಂಧದ ಬೇರಿನಿಂದ 1931ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟ ವಸ್ತುವದು. ಜೀನ್ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಬ್ರುಗಾಡಾ ಇರುವ ಐವರಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ ಎಸ್‌ಸಿಎನ್5ಎ ದೋಷ ಸಿಗುತ್ತದೆ. ಅಪಾಯ ಹೆಚ್ಚಿರುವವರಿಗೆ ಎದೆಯೊಳಗೆ ಐಸಿಡಿ ಯಂತ್ರ ಇಡುತ್ತಾರೆ. ಲಯ ತಪ್ಪಿದ ಕ್ಷಣ ಅದು ಶಾಕ್ ಕೊಟ್ಟು ಸರಿಪಡಿಸುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಚಿಕ್ಕಮ್ಮ, "ಅವನಿಗೆ ಹುಡುಗಿ ನೋಡ್ತಾ ಇದ್ದೀವಿ ಕಣೋ, ಈಗ ಹೃದಯದ ಪರೀಕ್ಷೆ ಅಂದ್ರೆ ಜನ ಏನಂತಾರೆ?" ಎಂದರು. ಅವರ ಭಯ ಸುಳ್ಳಲ್ಲ. ಮೂರು ಶುಕ್ರವಾರ ಇದೇ ಮಾತಾಯಿತು. ನಾಲ್ಕನೆಯ ವಾರ ತಮ್ಮನೇ ಫೋನ್ ಮಾಡಿದ. ಮುಂದಿನ ತಿಂಗಳು ಬೆಂಗಳೂರಿನ ಜಯದೇವಕ್ಕೆ ಹೋಗುತ್ತಾನಂತೆ, ಜೊತೆಗೆ ಚಿಕ್ಕಮ್ಮನೂ ಹೊರಟಿದ್ದಾರಂತೆ.